ಆಟೋ ಹತ್ತಿದ ಹೊಲಿಗೆ ಯಂತ್ರ

2020ರ ಡಿಸೆಂಬರ್. ವರ್ಕ್ ಫ್ರಮ್ ಹೋಮ್ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಮಂಡ್ಯ ಸೀಮೆಯ ನಮ್ಮೂರು ಸೇರಿದ್ದೆ. ಅದೇ ಹೊತ್ತಿಗೆ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಿಂತವರು ಚಿಕ್ಕಮ್ಮ, ಓಡಾಡಿದವರು ಚಿಕ್ಕಪ್ಪ, ಸಿಕ್ಕಿಹಾಕಿಕೊಂಡವನು ನಾನು. "ಕಂಪ್ಯೂಟರ್ ಓದಿರೋನು ನೀನು, ಪ್ರಚಾರ ನಿಂದೇ ಕಣಪ್ಪ" ಅಂದುಬಿಟ್ಟರು ಚಿಕ್ಕಪ್ಪ.

ಈ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ. ಆಯೋಗದ ಪಟ್ಟಿಯಲ್ಲಿ ಇರುವುದರಲ್ಲೇ ಒಂದು ಕೊಡುತ್ತಾರೆ. 14ನೇ ತಾರೀಕು ನಾಮಪತ್ರ ವಾಪಸ್ ಪಡೆಯುವುದು ಮುಗಿದ ಮೇಲೇ ನಮ್ಮ ಗುರುತು ಕೈಗೆ ಬಂದದ್ದು. 20ಕ್ಕೆ ಮೈಕ್ ಬಂದ್, 22ಕ್ಕೆ ಮತದಾನ. ಅಂದರೆ ನಮಗೆ ಮೊದಲ ವಾರವೂ ಅದೇ, ಕೊನೆಯ ವಾರವೂ ಅದೇ. ಚಿಕ್ಕಮ್ಮನಿಗೆ ಸಿಕ್ಕಿದ್ದು ಹೊಲಿಗೆ ಯಂತ್ರ.

ರಾತ್ರಿ ಕೂತು ಫೋನಿನಲ್ಲಿ ಭಾಷಣ ರೆಕಾರ್ಡ್ ಮಾಡಿದೆ. ಕೇಳಿ ನೋಡುವಷ್ಟು ವ್ಯವಧಾನ ಯಾರಿಗಿತ್ತು? ಬೆಳಿಗ್ಗೆ ಬಾಡಿಗೆ ಆಟೋಗೆ ಮೈಕ್ ಕಟ್ಟಿ ಕಳಿಸಿಯೂ ಆಯಿತು. "ನಿಮ್ಮ ಅಮೂಲ್ಯವಾದ ಮತವನ್ನು..." ಅಂತ ನನ್ನ ಗಂಭೀರ ದನಿ ಬೀದಿ ತುಂಬಿತು. ಅದರ ಬೆನ್ನಿಗೇ ಅಮ್ಮನ ದನಿ: "ಏಯ್, ಒದರಿದ್ದು ಸಾಕು, ಅವರೆಕಾಯಿ ಸುಲಿ ಬಾರೋ!" ಐದು ನಿಮಿಷಕ್ಕೊಂದು ಸಲ ಇಡೀ ಊರು ನನ್ನನ್ನು ಅವರೆಕಾಯಿ ಸುಲಿಯಲು ಕರೆಯಿತು. ಮಕ್ಕಳಂತೂ ಭಾಷಣ ಬಿಟ್ಟು ಅದೊಂದನ್ನೇ ಬಾಯಿಪಾಠ ಮಾಡಿದರು.

ಅದಾದರೂ ಹೋಗಲಿ. ನಾಲ್ಕನೇ ದಿನ ನಾನೂ ಚಿಕ್ಕಮ್ಮನೂ ಕೈಮುಗಿದುಕೊಂಡು ಮನೆಮನೆ ಸುತ್ತುತ್ತಿದ್ದೆವು. ಜಗುಲಿಯ ಮೇಲಿದ್ದ ಅಜ್ಜಿ ಚಿಕ್ಕಮ್ಮನ ಗಲ್ಲ ಸವರಿ, "ನಿಂಗ್ ಹಾಕ್ದೆ ಇನ್ಯಾರ್ಗವ್ವ ಹಾಕ್ಲಿ? ದಿನಾ ನೋಡ್ತಾವ್ನಿ, ಆಟೋಗೇ ಒತ್ತೋದು" ಅಂದರು.

ಎದೆ ಧಸಕ್ ಅಂತು. ಆಟೋ ನಮ್ಮ ಎದುರಾಳಿಯ ಗುರುತು! ಆಟೋಗೆ ನಾಲ್ಕು ದಿನ ಪುಕ್ಕಟೆ ಪ್ರಚಾರ ಮಾಡಿದ್ದೆವು. ಬಾಡಿಗೆ ನಮ್ಮದು, ಹಾರ ನಮ್ಮದು, ಗಂಟಲೂ ನಮ್ಮದು. ಎದುರಾಳಿ ಮಾತ್ರ ದಿನಾ ಅರಳಿಕಟ್ಟೆ ಮೇಲೆ ಕೂತು ನಮ್ಮ ಆಟೋಗೆ ನಗುನಗುತ್ತಾ ಕೈ ಬೀಸುತ್ತಿದ್ದರು. ಎಂಥ ದೊಡ್ಡ ಮನುಷ್ಯ ಅಂದುಕೊಂಡಿದ್ದೆ ನಾನು.

ತಕ್ಷಣ ಆಟೋ ಬಿಡಿಸಿ ಗೂಡ್ಸ್ ಗಾಡಿ ತಂದೆವು. ಇನ್ನು ಅನುಮಾನವೇ ಬೇಡ ಅಂತ ಚಿಕ್ಕಮ್ಮನ ಹೊಲಿಗೆ ಯಂತ್ರವನ್ನೇ ಮೇಲೆ ಹತ್ತಿಸಿದೆವು. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಚಿಕ್ಕಮ್ಮ. ಐಡಿಯಾ ನನ್ನದೇ. ಮೊದಲ ಬೀದಿಯಲ್ಲೇ ಒಬ್ಬರು ರವಿಕೆ ಹಿಡಿದು ಓಡಿ ಬಂದರು. "ಹೆಂಗೂ ಮಿಷನ್ ತಂದಿದ್ದೀರಲ್ಲ, ತೋಳು ಬಿಚ್ಚೋಗೈತೆ, ಒಂದು ಹೊಲಿಗೆ ಹಾಕ್ಕೊಡಿ." ವೋಟಿನ ವಿಷಯ, ಇಲ್ಲ ಅನ್ನೋಕಾಗುತ್ತಾ? ಮುಂದಿನ ಬೀದಿಯಲ್ಲಿ ಎರಡು ಲಂಗ, ಒಂದು ಸ್ಕೂಲ್ ಚಡ್ಡಿ. 20ರ ಸಂಜೆ 5ಕ್ಕೆ ಮೈಕ್ ಆಫ್ ಆಯಿತು. ಮಿಷನ್ ಆಫ್ ಆದದ್ದು ರಾತ್ರಿ 10ಕ್ಕೆ. ಬಟ್ಟೆ ಹೊಲಿಯುವುದು ಬಹಿರಂಗ ಪ್ರಚಾರವೋ ಅಲ್ಲವೋ ಅಂತ ಯಾರನ್ನೂ ಕೇಳಲು ಹೋಗಲಿಲ್ಲ.

ರಾತ್ರಿ ಚಿಕ್ಕಪ್ಪ ಲೆಕ್ಕಕ್ಕೆ ಕೂತರು. ನಮ್ಮ ವಾರ್ಡಿನಲ್ಲಿ 3 ಸೀಟು, ಒಬ್ಬೊಬ್ಬರಿಗೆ 3 ವೋಟು. "ಮೂರ್ರಲ್ಲಿ ಒಂದು ನಿಮ್ಗೇ" ಅಂತ ಎಲ್ಲರೂ ಅಂದಿದ್ದರು. ಚಿಕ್ಕಪ್ಪ ಕೂಡಿದರು. ಪಟ್ಟಿಯಲ್ಲಿರುವ ಅಷ್ಟೂ ಜನ ನಮ್ಮವರೇ! ಖುಷಿಗೆ ಇನ್ನೊಂದು ಲೋಟ ಕಾಫಿ ಕೇಳಿದರು. ನಿಂತಿದ್ದವರು ಒಟ್ಟು 8 ಜನ. ಆ 8 ಮನೆಯಲ್ಲೂ ಅವತ್ತು ರಾತ್ರಿ ಇದೇ ಲೆಕ್ಕ, ಇದೇ ಕಾಫಿ ಆಗಿರಬೇಕು.

30ಕ್ಕೆ ಎಣಿಕೆ. ಇಲ್ಲಿ ಓಟಿಂಗ್ ಮಿಷನ್ ಇರಲಿಲ್ಲ, ಕಾಗದದ ಮತಪತ್ರ. ಸಂಜೆವರೆಗೂ ಉಗುರು ಕಚ್ಚಿದೆವು. ಆಟೋಗೆ ಎಲ್ಲರಿಗಿಂತ ಜಾಸ್ತಿ ವೋಟು. ಚಿಕ್ಕಮ್ಮ 11 ವೋಟಿನ ಅಂತರದಲ್ಲಿ ಮೂರನೇ ಸೀಟಿಗೆ ಹೇಗೋ ತೂರಿಕೊಂಡರು.

ರಾತ್ರಿ ಎದುರಾಳಿ ಮೈಸೂರು ಪಾಕಿನ ಡಬ್ಬಿ ಹಿಡಿದು ನಮ್ಮ ಮನೆಗೇ ಬಂದರು. ಚಿಕ್ಕಪ್ಪನ ಪಕ್ಕ ಕೂತು ಜೇಬಿಗೆ ಕೈ ಹಾಕಿ, "ಅಣ್ಣ, ಆ ನಾಲ್ಕು ದಿನದ ಆಟೋ ಬಾಡಿಗೆ ಎಷ್ಟಾಯ್ತು ಹೇಳಿ" ಅಂದರು. ಒಳಗಿನಿಂದ ಅಮ್ಮ ಕೂಗಿದರು, ಅವರೆಕಾಯಿ ಬುಟ್ಟಿ ಇನ್ನೂ ಹಾಗೇ ಇದೆಯಂತೆ.