ನಂಬರಿನ ತವರು

ನಮ್ಮ ದೊಡ್ಡಪ್ಪನವರ ಬಳಿ ರಟ್ಟಿನ ಹೊದಿಕೆಯ ಒಂದು ಹಳೆಯ ಡೈರಿ ಇದೆ. ನೆಂಟರಿಷ್ಟರದು, ಅಡಿಕೆ ಮಂಡಿಯವರದು, ಪುರೋಹಿತರದು, ಪಂಪ್‌ಸೆಟ್ ರಿಪೇರಿಯವನದು ಎಂದು ಪುಟ ತುಂಬ ಫೋನ್ ನಂಬರುಗಳಿರುವ ಆ ಡೈರಿಯಲ್ಲಿ ಒಂದೊಂದು ನಂಬರಿನ ಪಕ್ಕದಲ್ಲೂ ಸಣ್ಣ ಸೊನ್ನೆಯೊಂದನ್ನು ಸುತ್ತಿ ಅದರೊಳಗೆ ಒಂದು ಅಕ್ಷರ ಬರೆದಿರುತ್ತಾರೆ. ‘ಬಿ’ ಎಂದರೆ ಬಿಎಸ್‌ಎನ್‌ಎಲ್, ‘ಏ’ ಎಂದರೆ ಏರ್‌ಟೆಲ್, ‘ಸ್ಪೈ’ ಎಂದರೆ ಸ್ಪೈಸ್, ‘ಹ’ ಎಂದರೆ ಹಚ್. ಈ ಅಕ್ಷರವನ್ನು ಅವರು ಯಾರನ್ನೂ ಕೇಳಿ ಬರೆದುಕೊಂಡದ್ದಲ್ಲ. ಮನೆಯ ಹೆಸರು ಕಿವಿಗೆ ಬಿದ್ದೊಡನೆ ಗೋತ್ರ, ಪ್ರವರಗಳನ್ನು ಒಪ್ಪಿಸುವ ಪುರೋಹಿತರ ಹಾಗೆ, ಮೊದಲ ನಾಲ್ಕಂಕಿ ಕೇಳಿದ ಕೂಡಲೇ ಅವರು ಕಂಪನಿಯನ್ನು ತಾವೇ ಹೇಳಿಬಿಡುತ್ತಿದ್ದರು.

ಈ ವಿದ್ಯೆಗೆ ಆಗ ಗಟ್ಟಿಯಾದ ಆಧಾರವಿತ್ತು. ಹತ್ತು ಅಂಕಿಗಳ ಪೈಕಿ ಮೊದಲ ನಾಲ್ಕನ್ನು ದೂರಸಂಪರ್ಕ ಇಲಾಖೆಯು ಇಂಥ ರಾಜ್ಯದ ಇಂಥ ಕಂಪನಿಗೆಂದು ಗೊತ್ತುಮಾಡಿ ಕೊಡುತ್ತಿತ್ತು. ಉಳಿದ ಆರು ಅಂಕಿಗಳಲ್ಲಿ ಹತ್ತು ಲಕ್ಷ ಗ್ರಾಹಕರು ಹಿಡಿಸುತ್ತಿದ್ದರು. ಕರ್ನಾಟಕದಲ್ಲಿ 9845 ಏರ್‌ಟೆಲ್ಲಿನದು, 9844 ಸ್ಪೈಸಿನದು, 9886 ಹಚ್ಚಿನದು, 9341 ರಿಲಯನ್ಸಿನದು. 2002ರಲ್ಲಿ ತಡವಾಗಿ ಮೊಬೈಲ್ ಕಣಕ್ಕಿಳಿದ ಬಿಎಸ್‌ಎನ್‌ಎಲ್‌ಗೆ 94ರ ಸಾಲು ಬಂತು: ನಮಗೆ 9448, ಪಕ್ಕದ ಕೇರಳಕ್ಕೆ 9447. ಆದ್ದರಿಂದ ಒಂದು ನಂಬರನ್ನು ನೋಡಿದ ಮಾತ್ರಕ್ಕೆ ಅದು ಯಾವ ರಾಜ್ಯದ್ದು, ಯಾವ ಕಂಪನಿಯದು ಎಂಬ ಎರಡೂ ತಿಳಿಯುತ್ತಿದ್ದವು. ನಂಬರಿನ ಒಡೆಯರ ಸ್ವಭಾವವೂ ತಿಳಿಯುತ್ತದೆಂದು ದೊಡ್ಡಪ್ಪ ನಂಬಿದ್ದರು. 98450 ಎಂದು ಶುರುವಾದರೆ ಆಸಾಮಿ ಬೆಂಗಳೂರಿನ ಹಳೆಯ ಕುಳ, ಮಾತಿಗೆ ಮಾತಿಗೆ ಹಣ ಕೊಡಬೇಕಿದ್ದ ಕಾಲದಲ್ಲೇ ಮೊಬೈಲು ಹಿಡಿದವನು. 94480 ಆದರೆ ಮೇಷ್ಟ್ರೋ ಸರ್ಕಾರಿ ನೌಕರನೋ, ಇಲ್ಲವೇ ನಮ್ಮಂತೆ ಬೇರೆ ಯಾವ ಕಂಪನಿಯ ಟವರೂ ಕಾಣದ ಮಲೆನಾಡಿನ ಮೂಲೆಯವನು. ಈ ಸಮಾಜಶಾಸ್ತ್ರವು ನೂರಕ್ಕೆ ನೂರು ಸರಿಯೆಂದು ನಾನು ಹೇಳಲಾರೆನಾದರೂ ಅದು ತಪ್ಪಿದ್ದನ್ನು ಕಂಡದ್ದು ಕಡಿಮೆ.

ಕಂಪನಿ ಯಾವುದೆಂದು ತಿಳಿಯುವ ಈ ಕುತೂಹಲ ಬರಿಯ ಚಪಲವಾಗಿರಲಿಲ್ಲ. 2003ರ ಮೇ ತಿಂಗಳಿನವರೆಗೆ ಬಂದ ಕರೆಗೂ ಹಣ ತೆರಬೇಕಾಗಿತ್ತು. ಅದು ನಿಂತ ಮೇಲೂ ತನ್ನದೇ ಕಂಪನಿಯ ನಂಬರಿಗೆ ಒಂದು ದರ, ಹೊರಗಿನದಕ್ಕೆ ಇನ್ನೊಂದು ದರವೆಂಬ ಯೋಜನೆಗಳು ಬಹುಕಾಲ ಇದ್ದವು. ಹೀಗಾಗಿ ಯಾರಿಗೆ ಪೂರ್ತಿ ಕರೆ, ಯಾರಿಗೆ ಬರಿಯ ಮಿಸ್ಡ್ ಕಾಲ್ ಎಂಬುದು ಮೊದಲ ನಾಲ್ಕಂಕಿಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಪೇಟೆಯ ರೀಚಾರ್ಜ್ ಅಂಗಡಿಯ ಹುಡುಗನಂತೂ ನಾವು ‘ತೊಂಬತ್ತೆಂಟು ನಲವತ್ತನಾಲ್ಕು’ ಎನ್ನುವಷ್ಟರಲ್ಲಿ ತನ್ನ ನಾಲ್ಕು ಹ್ಯಾಂಡ್‌ಸೆಟ್ಟುಗಳ ಪೈಕಿ ಸರಿಯಾದುದನ್ನು ಎತ್ತಿಕೊಂಡಿರುತ್ತಿದ್ದನು.

ಈ ವಿದ್ಯೆಗೆ ಮೊದಲು ಕುತ್ತು ತಂದವರು ಗ್ರಾಹಕರಲ್ಲ, ಕಂಪನಿಗಳೇ. ನಂಬರು ಕುಳಿತಲ್ಲೇ ಕುಳಿತಿತ್ತು, ಬಾಗಿಲಿನ ಫಲಕ ಬದಲಾಗುತ್ತ ಹೋಯಿತು. ಹಚ್ 2007ರಲ್ಲಿ ವೊಡಾಫೋನ್ ಆಯಿತು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು. 2018ರಲ್ಲಿ ವೊಡಾಫೋನೂ ಐಡಿಯಾವೂ ಒಂದಾಗಿ, ಎರಡು ವರ್ಷಗಳ ಬಳಿಕ ‘ವಿ’ ಎಂಬ ಒಂದೇ ಅಕ್ಷರಕ್ಕೆ ಇಳಿದವು. ದೊಡ್ಡಪ್ಪನವರು ‘ಹ’ ಹೊಡೆದು ‘ವೊ’ ಎಂದೂ, ‘ಸ್ಪೈ’ ಹೊಡೆದು ‘ಐ’ ಎಂದೂ ತಿದ್ದಿದರು. ಅಷ್ಟರ ಮಟ್ಟಿಗೆ ಡೈರಿ ಇನ್ನೂ ಸುಸ್ಥಿತಿಯಲ್ಲಿತ್ತು.

ನಿಜವಾದ ಪೆಟ್ಟು ಬಿದ್ದದ್ದು ನಂಬರು ಬದಲಿಸದೆ ಕಂಪನಿ ಬದಲಿಸುವ ಸೌಕರ್ಯದಿಂದ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲಾಗಿ, 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂದ ಈ ವ್ಯವಸ್ಥೆಯನ್ನು ಜನ ‘ಪೋರ್ಟ್ ಮಾಡಿಸುವುದು’ ಎಂದು ಕರೆದರು. 1900ಕ್ಕೊಂದು ಸಂದೇಶ ಕಳಿಸಿದರೆ ಎಂಟಕ್ಷರದ ಒಂದು ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಕೆಲವು ದಿನಗಳಲ್ಲಿ ಹೊಸ ಸಿಮ್ಮು, ಹಳೆಯ ನಂಬರು. ನಿಯಮಾವಳಿಯ ಭಾಷೆಯಲ್ಲಿ ಬಿಟ್ಟುಕೊಡುವ ಕಂಪನಿಗೆ ‘ದಾನಿ’ ಎಂಬ ಅರ್ಥದ ಹೆಸರು, ತೆಗೆದುಕೊಳ್ಳುವವರಿಗೆ ‘ಸ್ವೀಕರಿಸುವವರು’ ಎಂಬ ಹೆಸರು. ಕನ್ಯಾದಾನದ ಮಂತ್ರ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ: ಹಾಗೆ ಹೋದ ನಂಬರು ಮುಂದೆಂದಾದರೂ ಬಳಕೆ ತಪ್ಪಿ ಶಾಶ್ವತವಾಗಿ ಕಡಿತವಾದರೆ, ಕಟ್ಟಕಡೆಗೆ ಅದು ಇದ್ದ ಮನೆಯಲ್ಲಿ ಉಳಿಯದೆ ಮೂಲತಃ ಆ ಸಾಲನ್ನು ಪಡೆದಿದ್ದ ಕಂಪನಿಗೇ ಮರಳುತ್ತದೆ. ಅಲ್ಲಿಗೆ ಮೊದಲ ನಾಲ್ಕಂಕಿ ಹೇಳುವುದು ನಂಬರಿನ ತವರನ್ನು ಮಾತ್ರ. ಅದು ಈಗ ಸಂಸಾರ ಹೂಡಿರುವುದು ಎಲ್ಲಿ ಎಂಬುದನ್ನಲ್ಲ. 2015ರ ಜುಲೈಯಿಂದ ರಾಜ್ಯದ ಗಡಿ ದಾಟಿಯೂ ಪೋರ್ಟ್ ಮಾಡಿಸಬಹುದೆಂದಾದ ಮೇಲೆ, ಊರು ಯಾವುದೆಂದು ಹೇಳುವ ಶಕ್ತಿಯೂ ಅದಕ್ಕೆ ಉಳಿಯಲಿಲ್ಲ.

ಹಾಗಾದರೆ ಕರೆಗೆ ತನ್ನ ದಾರಿ ಹೇಗೆ ತಿಳಿಯುತ್ತದೆ? ನಾವು ನಂಬರು ಒತ್ತಿದೊಡನೆ ನಮ್ಮ ಕಂಪನಿಯು ಪೋರ್ಟ್ ಆದ ನಂಬರುಗಳ ದೊಡ್ಡ ಪಟ್ಟಿಯನ್ನು ನೋಡಿ, ಈ ಮಗಳು ಈಗ ಯಾವ ಮನೆಯಲ್ಲಿದ್ದಾಳೆಂದು ವಿಚಾರಿಸಿಕೊಂಡು, ಆ ಮನೆಯ ಗುರುತನ್ನು ಕರೆಗೆ ಅಂಟಿಸಿ ಕಳಿಸುತ್ತದೆ. ಈ ವಿಚಾರಣೆ ಕಣ್ಣೆವೆಯಿಕ್ಕುವುದರೊಳಗೆ ಮುಗಿಯುತ್ತದೆ. ಆ ಪಟ್ಟಿಯಾದರೋ ಕಂಪನಿಗಳ ಕೈಯಲ್ಲಿದೆಯೇ ಹೊರತು ದೊಡ್ಡಪ್ಪನವರ ಕೈಯಲ್ಲಿಲ್ಲ.

ಕೆಲವು ರೀಚಾರ್ಜ್ ಆಪ್‌ಗಳ ಕೈಯಲ್ಲೂ ಅದು ಸರಿಯಾಗಿ ಇದ್ದಂತಿಲ್ಲ. ಅವು ಕೂಡ ದೊಡ್ಡಪ್ಪನವರ ಹಾಗೆಯೇ ಮೊದಲಂಕಿಗಳನ್ನು ನೋಡಿ ಕಂಪನಿಯನ್ನು ಊಹಿಸುತ್ತವೆ ಎಂಬ ಅನುಮಾನ ನನಗೆ ಬಂದದ್ದು ಅತ್ತಿಗೆಯ ಫೋನಿಗೆ ಹಣ ಹಾಕಿದ ದಿನ. ನಂಬರು ಹಾಕಿದೊಡನೆ ಆಪು ಬಹಳ ಆತ್ಮವಿಶ್ವಾಸದಿಂದ ಒಂದು ಕಂಪನಿಯ ಲಾಂಛನವನ್ನು ತೋರಿಸಿತು, ನಾನೂ ಒಪ್ಪಿಬಿಟ್ಟೆ. ಅತ್ತಿಗೆ ಆ ಕಂಪನಿಯನ್ನು ಬಿಟ್ಟು ವರ್ಷವಾಗಿತ್ತು. ಹಣ ಅಲ್ಲಿಗೂ ಹೋಗದೆ, ಇಲ್ಲಿಗೂ ಬಾರದೆ ಐದು ದಿನ ತ್ರಿಶಂಕುವಾಗಿದ್ದು ಆರನೆಯ ದಿನ ಮರಳಿತು. ದೊಡ್ಡಪ್ಪ ತಪ್ಪಿದರೆ ಡೈರಿಯಲ್ಲಿ ಒಂದಕ್ಷರ ಹೊಡೆದು ಹಾಕಿದರೆ ಮುಗಿಯಿತು.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ: ನಂಬರು ಮೊಬೈಲಿನದೇ ಅಲ್ಲವೇ ಎಂಬುದು. ಮೊಬೈಲ್ ನಂಬರುಗಳೆಲ್ಲ 9ರಿಂದ ಶುರುವಾಗುತ್ತಿದ್ದಾಗ ಇದು ಕೇಳುವ ಮಾತೇ ಆಗಿರಲಿಲ್ಲ. ಬಳಿಕ 8, 7, 6 ಕೂಡ ಬಂದವು. ಬೆಂಗಳೂರಿನ ಎಸ್‌ಟಿಡಿ ಕೋಡ್ 080. ಮುಂದಿನ ಸೊನ್ನೆ ಬಿಟ್ಟು ಬರೆದರೆ ಎಂಟಂಕಿಯ ಲ್ಯಾಂಡ್‌ಲೈನ್ ನಂಬರು ಸೇರಿ ಅಲ್ಲಿಯೂ ಸರಿಯಾಗಿ ಹತ್ತು ಅಂಕಿ. ಅತ್ತ 8050, 8095 ಎಂದು ಶುರುವಾಗುವ ಮೊಬೈಲುಗಳೂ ಇವೆ. ಮೈಸೂರಿನ 0821ರ ಕಥೆಯೂ ಹೀಗೆಯೇ: 8212 ಎಂದಿದ್ದರೆ ಲ್ಯಾಂಡ್‌ಲೈನು, 8217 ಎಂದಿದ್ದರೆ ಯಾರದೋ ಜೇಬಿನ ಫೋನು. ಕೋಡಿನ ಬೆನ್ನಿಗೆ 2 ಬಂದರೆ ಅದು ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನೆಂದು ಹಿಡಿಯುವುದು ದೊಡ್ಡಪ್ಪನವರ ಸೂತ್ರ. ಇದು ಅವರಿಗೆ ಬೇಕಾಗಿದ್ದ ಜ್ಞಾನವೇ, ಏಕೆಂದರೆ ಅವರು ಇಂದಿಗೂ ಮನೆಯ ಲ್ಯಾಂಡ್‌ಲೈನಿನಿಂದಲೇ ಮಾತನಾಡುವವರು, ಮತ್ತು ಮೊದಲೆಲ್ಲ ಕರ್ನಾಟಕದ ಮೊಬೈಲಾದರೆ ನೇರವಾಗಿಯೂ ಹೊರರಾಜ್ಯದ್ದಾದರೆ ಸೊನ್ನೆ ಸೇರಿಸಿಯೂ ಒತ್ತಬೇಕಾಗಿತ್ತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗಾದರೂ ಸೊನ್ನೆ ಕಡ್ಡಾಯವಾಯಿತು. ಎಲ್ಲಕ್ಕೂ ಒಂದೇ ಸೊನ್ನೆ ಎಂದಾದ ಮೇಲೆ ಊರು ಗುರುತಿಸುವ ಅವರ ಜಾಣ್ಮೆಗೆ ಇದ್ದ ಕಡೆಯ ಕೆಲಸವೂ ತಪ್ಪಿತು.

ಹೋದ ಚೈತ್ರದಲ್ಲಿ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ತಮ್ಮ ನಂಬರು ಹೇಳತೊಡಗಿದರು. 98450 ಎನ್ನುವಷ್ಟರಲ್ಲಿ ದೊಡ್ಡಪ್ಪ ಎಡಗೈಯಲ್ಲಿ ಡೈರಿ ಬಿಡಿಸಿಕೊಂಡು, “ಏರ್‌ಟೆಲ್ಲು. ಹಳಬರು ನೀವು” ಎಂದರು. ಅವರು ನಗುತ್ತ, “ಇಲ್ಲ ರಾಯರೇ, ಪೋರ್ಟ್ ಮಾಡಿಸಿ ಐದು ವರ್ಷವಾಯಿತು, ಈಗ ಜಿಯೋದಲ್ಲಿದ್ದೇನೆ” ಎಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕುಳಿತಿದ್ದರು. ಆಮೇಲೆ ನಂಬರಿನ ಪಕ್ಕದಲ್ಲಿ ಸೊನ್ನೆ ಸುತ್ತಿ, ಅದರೊಳಗೆ ‘ಏ’ ಎಂದೇ ಬರೆದುಕೊಂಡು, ನನ್ನ ಕಡೆ ತಿರುಗಿ ಪಾಯಸ ಬಂತೇ ಎಂದು ಕೇಳಿದರು.