ತಂತಿ ಮೀಟಬಹುದು, ಸದ್ದು ಬರಕೂಡದು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಅಲ್ಫಾಮ ಬಡಾವಣೆಯಲ್ಲಿ, ಆ ನಾಡಿನ ವಿರಹಗಾಯನವಾದ ಫಾಡೊ ಕೇಳಿಸುವ ಊಟದ ಮನೆಗಳಲ್ಲಿ ಹಾಡು ಶುರುವಾಗುವ ಮುನ್ನ ದೀಪ ತಗ್ಗಿಸಿ, ಊಟಕ್ಕೆ ಕುಳಿತವರ ಮಾತು ನಿಲ್ಲಿಸುವ ರೂಢಿಯಿದೆ. ಬೆರಳ ತುದಿಗೆ ಕೃತಕ ಉಗುರು ತೊಟ್ಟ ವಾದಕ ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರ್ ಮೀಟುತ್ತ, ಗಾಯಕಿ ಸ್ವರವನ್ನು ಎಳೆದಲ್ಲೆಲ್ಲ ತಾನೂ ತಡೆದು ನಿಲ್ಲುತ್ತಾನೆ. ಯುನೆಸ್ಕೊ 2011ರಲ್ಲಿ ಈ ಗಾಯನವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ದೇಶಗಳು ವರ್ಷಕ್ಕೊಂದು ಹಾಡು ಕಳುಹಿಸಿ ಸೆಣಸುವ ಯೂರೋವಿಷನ್ ಗೀತಸ್ಪರ್ಧೆಯ ನಿಯಮಾವಳಿಯಾದರೋ ಇಂಥ ಪರಂಪರೆಗೆ ಮೂರು ನಿಮಿಷ ಧಾರಾಳವಾಯಿತೆಂದು ಎಂದೋ ತೀರ್ಮಾನಿಸಿಬಿಟ್ಟಿದೆ.

ಆ ವೇದಿಕೆಯಲ್ಲಿ 1998ರ ನಂತರ ವಾದ್ಯವೃಂದವಿಲ್ಲ. ಗಾಯಕಿ ನಿಜವಾಗಿಯೂ ಹಾಡಬೇಕು, ವಾದ್ಯಗಳ ನಾದವೆಲ್ಲ ಮೊದಲೇ ಮುದ್ರಿತವಾಗಿರಬೇಕು. ಗಿಟಾರ್ ವಾದಕನಿಗೆ ಪ್ರವೇಶವುಂಟು, ಬೆರಳಾಡಿಸುವ ಅನುಮತಿಯೂ ಉಂಟು, ನುಡಿಸುವ ಹಕ್ಕು ಮಾತ್ರವಿಲ್ಲ. ಯಕ್ಷಗಾನದ ಮದ್ದಳೆಗಾರನನ್ನು ರಂಗಸ್ಥಳದಲ್ಲಿ ಕೂರಿಸಿ, ಕೈಯಾಡಿಸಿ ಸ್ವಾಮೀ, ಸದ್ದು ಮಾತ್ರ ಬೇಡ ಎಂದಂತಾಯಿತು. ಗಾಯಕಿ ಭಾವಾವೇಶದಲ್ಲಿ ಒಂದು ಸ್ವರವನ್ನು ಅರೆಕ್ಷಣ ಹೆಚ್ಚು ಹಿಡಿದರೆ ಧ್ವನಿಮುದ್ರಿಕೆ ಅವಳಿಗಾಗಿ ಕಾಯದೆ ಮುಂದೆ ಹೋಗುತ್ತದೆ. ಆದ್ದರಿಂದ ವಿರಹವನ್ನೂ ಗಡಿಯಾರಕ್ಕೆ ಹೊಂದಿಸಿ ಅಭ್ಯಾಸ ಮಾಡಿಕೊಂಡೇ ಬರಬೇಕಾಗುತ್ತದೆ. ಪೋರ್ಚುಗಲ್ 2012ರಲ್ಲಿ ಕಳುಹಿಸಿದ ಫಾಡೊ ಛಾಯೆಯ ಹಾಡಿಗೆ ರಾಗ ಕಟ್ಟಿದವರು ಕ್ರೊಯೇಷಿಯಾದವರು. ಪರಂಪರೆಯನ್ನೂ ಆಮದು ಮಾಡಿಕೊಳ್ಳಬಹುದೆಂದ ಮೇಲೆ ಗಿಟಾರ್ ಮೂಕವಾದದ್ದಕ್ಕೆ ಅಳುವುದು ಅತಿಯಾದೀತು.

ಇಲ್ಲಿನ ಅಂಕಗಳ ವಿವೇಕವನ್ನು ತಿಳಿಯಲು 1974ರ ಏಪ್ರಿಲ್ ಸಾಕು. ಅಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಸ್ಪರ್ಧೆಯಲ್ಲಿ ಪೋರ್ಚುಗಲ್ಲಿನ ವಿದಾಯಗೀತೆಗೆ ದಕ್ಕಿದ್ದು ಮೂರು ಅಂಕ, ಪಟ್ಟಿಯ ಕೊನೆಯ ಪಂಕ್ತಿ. ಅದೇ ತಿಂಗಳ 24ರ ರಾತ್ರಿ ಲಿಸ್ಬನ್ನಿನ ರೇಡಿಯೊ ಅದೇ ಹಾಡನ್ನು ಬಿತ್ತರಿಸಿತು. ದಂಗೆಗೆ ಅಣಿಯಾಗಿದ್ದ ಸೈನಿಕರಿಗೆ ಅದೇ ಸಂಕೇತವಾಗಿ, ದಶಕಗಳ ಸರ್ವಾಧಿಕಾರ ಮರುದಿನವೇ ಉರುಳಿತು. ತೀರ್ಪುಗಾರರು ಅಂಕಗಳನ್ನು ಪರಿಷ್ಕರಿಸಿದ ವರದಿ ಇದುವರೆಗೂ ಬಂದಿಲ್ಲ.

1964ರಲ್ಲಿ ಸೊನ್ನೆ ಅಂಕದೊಂದಿಗೆ ಯಾತ್ರೆ ಆರಂಭಿಸಿದ ದೇಶಕ್ಕೆ 2017ರಲ್ಲಿ ಕೀವ್‌ನಲ್ಲಿ ಸಾಲ್ವದೋರ್ ಸೊಬ್ರಾಲ್ 758 ಅಂಕಗಳ ಗೆಲುವು ತಂದರು. ನರ್ತಕರಿಲ್ಲ, ಬೆಂಕಿಯಿಲ್ಲ, ಅಕ್ಕ ಲೂಯಿಸಾ ಬರೆದುಕೊಟ್ಟ ಮೆಲುದನಿಯ ಹಾಡೊಂದೇ. ಸಂಗೀತವೆಂದರೆ ಬಾಣಬಿರುಸಲ್ಲ, ಭಾವ ಎಂದು ಅವರು ಗೆದ್ದ ವೇದಿಕೆಯಿಂದಲೇ ಹೇಳಿದಾಗ, ವರ್ಷವರ್ಷವೂ ಬಾಣಬಿರುಸು ಹಚ್ಚುವ ಸ್ಪರ್ಧೆಯ ಸಭೆ ಮನಸಾರೆ ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ಬೆಲೆ ಮರುವರ್ಷವೇ ತಿಳಿಯಿತು. 2018ರಲ್ಲಿ ಲಿಸ್ಬನ್ನಿನಲ್ಲೇ ನಡೆದ ಸ್ಪರ್ಧೆಯಲ್ಲಿ ಕೋಳಿಯಂತೆ ಕೊಕ್ಕೊಕ್ಕೋ ಎಂದು ಅನುಕರಿಸಿದ ಇಸ್ರೇಲಿನ ಹಾಡು ಗೆದ್ದಿತು, ಪ್ರಶಸ್ತಿಯನ್ನು ಸೊಬ್ರಾಲ್ ಅವರೇ ಕೈಯಾರೆ ಒಪ್ಪಿಸಬೇಕಾಯಿತು. ಮತ್ತೊಂದು ಮೆಲುದನಿಯ ಹಾಡನ್ನು ನಂಬಿದ ಆತಿಥೇಯರು 39 ಅಂಕ ಪಡೆದು ಇಪ್ಪತ್ತಾರರಲ್ಲಿ ಇಪ್ಪತ್ತಾರನೆಯವರಾದರು. ಪಟ್ಟಿಯನ್ನು ಕೆಳಗಿನಿಂದ ಓದುವ ಅಭ್ಯಾಸವಿರುವವರಿಗೆ ಇದರಲ್ಲಿ ಯಾವ ಅನ್ಯಾಯವೂ ಕಾಣಲಿಕ್ಕಿಲ್ಲ.