ಮೂರನೆಯ ಪ್ಯಾರಾಮೀಟರ್ ಏಕೆ ಬಂತು?

ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಳೆದ ವರ್ಷ ನಮ್ಮ ವಿಭಾಗದ ಸೆಮಿನಾರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಎಕ್ಸ್‌ಪೊನೆನ್ಷಿಯೇಟೆಡ್ ವೈಬುಲ್ ವಿತರಣೆಯ (ರೋಗಿ ಎಷ್ಟು ಕಾಲ ಬದುಕುಳಿಯಬಹುದು ಎಂಬಂಥ ಸಾಧ್ಯತೆಗಳನ್ನು ಲೆಕ್ಕಹಾಕುವ ಒಂದು ಗಣಿತ ಮಾದರಿಯ) ಸೂತ್ರವನ್ನು ಒಂದಕ್ಷರವೂ ತಪ್ಪದಂತೆ ಬೋರ್ಡಿನ ಮೇಲೆ ಬರೆದರು. ಎಂಬಿಬಿಎಸ್ ವಿದ್ಯಾರ್ಥಿಗಳು ಅದನ್ನು ಹಾಗೆಯೇ ಇಳಿಸಿಕೊಂಡರು. ಅದರಲ್ಲಿ ಮೂರನೆಯ ಪ್ಯಾರಾಮೀಟರ್, ಅಂದರೆ ರೇಖೆಯ ರೂಪವನ್ನು ನಿರ್ಧರಿಸುವ ಮೂರನೆಯ ಸಂಖ್ಯೆ, ಏಕೆ ಬಂತೆಂದು ನಾನು ಕೇಳಿದಾಗ ಬರೆದವರಿಗೂ ಬರೆದುಕೊಂಡವರಿಗೂ ಉತ್ತರ ತಿಳಿದಿರಲಿಲ್ಲ. ಆ ವಿದ್ಯಾರ್ಥಿ ಬುದ್ಧಿವಂತರು, ಶ್ರಮಪಟ್ಟು ಓದಿ ಬಂದಿದ್ದರು. ಪಾಠ ಹೇಳುವ ಬಗೆಯನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಿತರಣೆಯನ್ನು ವಿಸ್ತರಿಸುವುದೆಂದರೆ, ಹಳೆಯ ಸೂತ್ರಕ್ಕೆ ಹೊಂದದೆ ಉಳಿದ ಸಂಗತಿಗೆ ಅದರಲ್ಲಿ ಜಾಗ ಮಾಡಿಕೊಡುವುದು. ಇಂಥ ವಿತರಣೆಗಳಲ್ಲಿ ಸರಳವಾದ ಘಾತೀಯ ವಿತರಣೆಯ ಪ್ರಕಾರ ರೋಗಿಯ ಅಪಾಯದ ದರ, ಅಂದರೆ ಅದುವರೆಗೆ ಬದುಕಿರುವವರಿಗೆ ಆ ಹೊತ್ತಿನಲ್ಲಿ ಇರುವ ಸಾವಿನ ಅಪಾಯ, ಮೊದಲ ದಿನವೂ ನೂರನೆಯ ದಿನವೂ ಒಂದೇ. ವಾರ್ಡಿನಲ್ಲಿ ಒಂದು ವಾರ ಡ್ಯೂಟಿ ಮಾಡಿದವರು ಇದನ್ನು ಒಪ್ಪಲಾರರು. ಸ್ವೀಡನ್ನಿನ ಎಂಜಿನಿಯರ್ ವಾಲೊಡಿ ವೈಬುಲ್ 1951ರ ಪ್ರಬಂಧದಲ್ಲಿ ಉಕ್ಕಿನ ಬಲಕ್ಕೂ ಭಾರತದ ಹತ್ತಿಯ ಎಳೆಯ ಬಲಕ್ಕೂ ಹೊಂದಿಸಿ ತೋರಿಸಿದ ವಿತರಣೆಯಲ್ಲಿ ಆಕಾರದ ಪ್ಯಾರಾಮೀಟರ್ ಇದೆ: ಅದು 1ಕ್ಕಿಂತ ಹೆಚ್ಚಿದ್ದರೆ ಅಪಾಯ ಕಾಲಕ್ರಮೇಣ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಆದರೆ ದೊಡ್ಡ ಶಸ್ತ್ರಚಿಕಿತ್ಸೆಯಾದವರ ಅಪಾಯ ಮೊದಲ ದಿನಗಳಲ್ಲಿ ಹೆಚ್ಚಿದ್ದು, ಆಮೇಲೆ ಇಳಿದು, ವರ್ಷಗಳ ನಂತರ ವಯಸ್ಸಿನೊಂದಿಗೆ ಮತ್ತೆ ಏರಬಹುದು. ಇಳಿದು ಏರುವ ಆ ರೇಖೆಯನ್ನು ವೈಬುಲ್ ವಿತರಣೆ ಕೊಡಲಾರದು. 1993ರಲ್ಲಿ ಮುಧೋಳ್ಕರ್ ಮತ್ತು ಶ್ರೀವಾಸ್ತವ ಅವರು ವೈಬುಲ್‌ನ ಸಂಚಿತ ವಿತರಣಾ ಫಲನವನ್ನು (ಒಂದು ಹೊತ್ತಿನೊಳಗೆ ಘಟನೆ ಆಗಿಬಿಡುವ ಸಾಧ್ಯತೆಯನ್ನು ಕೊಡುವ ಸೂತ್ರವನ್ನು) ಒಂದು ಘಾತಕ್ಕೆ ಏರಿಸಿ, ಇಂಥ ತೊಟ್ಟಿಯಾಕಾರದ ದರಕ್ಕೂ ಹೊಂದುವ ವಿತರಣೆಯನ್ನು ರೂಪಿಸಿದರು. ಅಳತೆ ಮತ್ತು ಆಕಾರದ ಎರಡು ಪ್ಯಾರಾಮೀಟರ್‌ಗಳ ಜೊತೆ ಸೇರಿದ ಆ ಘಾತವೇ ಮೂರನೆಯದು; ನಾನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮರುವಾರ ಅದೇ ಪಾಠವನ್ನು ಮತ್ತೆ ಮಾಡಲು ಆ ಸ್ನಾತಕೋತ್ತರ ವಿದ್ಯಾರ್ಥಿಯನ್ನು ಕೇಳಿಕೊಂಡೆ. ಈ ಸಲ ಅವರು ಸೂತ್ರ ಬರೆಯುವ ಮೊದಲು, ಆಪರೇಷನ್ ಆದ ರೋಗಿಯ ಬಗ್ಗೆ ನಿಮಗೆ ಯಾವ ದಿನಗಳಲ್ಲಿ ಹೆಚ್ಚು ಆತಂಕ ಎಂದು ಕೇಳಿ, ಉತ್ತರಗಳನ್ನೇ ರೇಖೆಯಾಗಿ ಎಳೆದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಹುಟ್ಟಿದ ಮಗುವಿನಿಂದ ಮುಪ್ಪಿನವರೆಗೆ ನೋಡಿದರೂ ಇದೇ ಆಕಾರ ಅಲ್ಲವೇ?" ಎಂದಳು. ಆಕೆ ಹೇಳಿದ್ದು ಸರಿ. ಎಷ್ಟೋ ವರ್ಷಗಳ ಪಾಠದಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ಮಾತುಗಳು ಕೆಲವೇ.

ವಾರ್ಡಿನಲ್ಲಿ ಕಿರಿಯರಿಗೆ ದಿನವೂ ಕಲಿಸುವವರು ಬಹುಮಟ್ಟಿಗೆ ಹೌಸ್ ಸರ್ಜನ್‌ಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು. ನಾಳೆ ರೋಗಿಯ ಮನೆಯವರ ಎದುರು ಕುಳಿತು ಬದುಕುಳಿಯುವ ಸಾಧ್ಯತೆಯನ್ನು ಬಿಡಿಸಿ ಹೇಳಬೇಕಾದವರೂ ಅವರೇ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 1999ರಲ್ಲೇ ವೈದ್ಯನನ್ನು ಶಿಕ್ಷಕನೆಂದು ಕರೆದು ಕಿರುಹೊತ್ತಗೆಯೊಂದನ್ನು ಪ್ರಕಟಿಸಿತ್ತು. ನಮ್ಮಲ್ಲಿ 2019ರಿಂದ ಎಂಬಿಬಿಎಸ್‌ಗೆ ಸಾಮರ್ಥ್ಯಾಧಾರಿತ (ವಿದ್ಯಾರ್ಥಿ ಏನನ್ನು ಮಾಡಬಲ್ಲ ಎಂಬುದಕ್ಕೆ ಒತ್ತು ಕೊಡುವ) ಪಠ್ಯಕ್ರಮ ಬಂದಿದೆ, ಅಧ್ಯಾಪಕರಿಗೆ ತರಬೇತಿ ಶಿಬಿರಗಳೂ ನಡೆಯುತ್ತವೆ. ಅದೇ ತರಬೇತಿಯ ಒಂದು ಪಾಲು ವಿದ್ಯಾರ್ಥಿಗಳಿಗೂ ಸಿಗಬೇಕೆಂಬುದು ನನ್ನ ಬೇಡಿಕೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಮೈಕ್ರೋಟೀಚಿಂಗ್ ಪದ್ಧತಿಯಂತೆ ನಾಲ್ಕೈದು ಸಹಪಾಠಿಗಳ ಮುಂದೆ ಹತ್ತು ನಿಮಿಷದ ಪಾಠ, ಅದರ ಬಗ್ಗೆ ಬಿಚ್ಚುಮನಸ್ಸಿನ ಚರ್ಚೆ, ಮತ್ತೆ ಅದೇ ಪಾಠ. ತಿಂಗಳಿಗೊಂದು ಮಧ್ಯಾಹ್ನ ಸಾಕು.